ಶ್ರೀಗಂಧ ಹವಾಯಿ ಮುಟ್ಟಿತು, ಆಲ ಯಾಕೆ ಮುಟ್ಟಲಿಲ್ಲ?

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಹವಾಯಿಯ ಹಲೆಯಾಕಲಾ ಬೆಟ್ಟದಿಂದ ಒಂದು ಗಿಡದ ಫೋಟೊ ಕಳಿಸಿದ್ದಾಳೆ. ಕತ್ತಿಯಂಥ ಬೆಳ್ಳಿ ಬಣ್ಣದ ಎಲೆಗಳು, ನಡುವೆ ಆಳೆತ್ತರದ ಹೂಗೊಂಚಲು. ಇದು ಸೂರ್ಯಕಾಂತಿಯ ನೆಂಟ ಅಂತ ಅಲ್ಲಿನ ಬೋರ್ಡಿನಲ್ಲಿ ಬರೆದಿತ್ತಂತೆ. ಸುತ್ತ ಸಾವಿರಾರು ಕಿಲೋಮೀಟರ್ ಬರೀ ನೀರು. ಬೀಜ ಅಲ್ಲಿಗೆ ಹೋಗಿದ್ದು ಹೇಗೆ? ಹೋದ ಮೇಲೆ ಇಷ್ಟು ಬೇರೆಯಾಗಿದ್ದು ಯಾಕೆ? ನಮ್ಮ ಲಕ್ಷದ್ವೀಪದಲ್ಲೂ ಇಂಥ ವಿಚಿತ್ರ ಗಿಡಗಳಿವೆಯಾ? (ಓದುಗರು, ಬಸವನಗುಡಿ, ಬೆಂಗಳೂರು)

ಉತ್ತರ: ಫೋಟೊದಲ್ಲಿರುವುದು ಸಿಲ್ವರ್‌ಸ್ವೋರ್ಡ್. ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂವು, ನಮ್ಮ ಖಾಲಿ ಸೈಟುಗಳಲ್ಲಿ ಎದೆಯೆತ್ತರ ಬೆಳೆದು ನಿಲ್ಲುವ ಕಾಂಗ್ರೆಸ್ ಗಿಡ, ಇವೆಲ್ಲ ಇರುವ ಕುಟುಂಬವೇ ಇದರದ್ದೂ. ಆ ದೊಡ್ಡ ಕುಟುಂಬದಲ್ಲಿ ಇದಕ್ಕೆ ತೀರಾ ಹತ್ತಿರದವು ಕ್ಯಾಲಿಫೋರ್ನಿಯಾದ ಟಾರ್‌ವೀಡ್ ಎಂಬ ಅಂಟಂಟು ಗಿಡಗಳು. ಸುಮಾರು 50 ಲಕ್ಷ ವರ್ಷಗಳ ಹಿಂದೆ ಅವುಗಳ ಪೂರ್ವಜ ಗಿಡವೊಂದರ ಬೀಜ ಯಾವುದೋ ಹಕ್ಕಿಯ ಪುಕ್ಕಕ್ಕೋ ಕಾಲಿಗೋ ಅಂಟಿಕೊಂಡು ಹವಾಯಿ ಸೇರಿರಬೇಕು. ಅದೂ ಒಂದೇ ಒಂದು ಸಲ. ಚಿಕ್ಕ ಉತ್ತರ ಸಾಕಿದ್ದರೆ ಇಷ್ಟೇ.

ಆದರೆ ಆ 'ಒಂದೇ ಸಲ' ಅನ್ನುವುದನ್ನು ಸ್ವಲ್ಪ ಹಿಡಿದುಕೊಳ್ಳಿ. ಎಲ್ಲರೂ ಕೇಳುವುದು ಬೀಜ ಹೇಗೆ ಬಂತು ಅಂತ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಅದು ಮತ್ತೆ ಬರಲಿಲ್ಲ ಅನ್ನುವ ವಿಷಯ. ಅದರ ಜೊತೆಗೆ ಬರಬಹುದಾಗಿದ್ದ ಎಷ್ಟೋ ಗಿಡ, ಹುಳ, ಪ್ರಾಣಿಗಳು ಬರಲೇ ಇಲ್ಲ ಅನ್ನುವ ವಿಷಯ. ದ್ವೀಪದ ಗಿಡಗಳ ವಿಚಿತ್ರವೆಲ್ಲ ಹೆಚ್ಚುಕಮ್ಮಿ ಅಲ್ಲಿಂದಲೇ ಹುಟ್ಟಿದ್ದು.

ಮೊದಲು ಯಾವ ದ್ವೀಪದ ಮಾತು ಅಂತ ಸ್ಪಷ್ಟ ಮಾಡಿಕೊಳ್ಳೋಣ. ಮಲ್ಪೆ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪ ನೋಡಿರುತ್ತೀರಿ. ಅಲ್ಲಿನ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ, ಮಡಗಾಸ್ಕರ್ ಭಾರತದಿಂದ ಸಿಡಿದು ಬೇರೆಯಾದ ಕಾಲದ್ದು. ಲಾವಾ ಇದ್ದ ಮಾತ್ರಕ್ಕೆ ಅದು ಸಾಗರ ದ್ವೀಪ ಆಗುವುದಿಲ್ಲ. ಅದು ನಮ್ಮ ಭೂಖಂಡದ್ದೇ ಒಂದು ಚೂರು. ಮಡಗಾಸ್ಕರ್ ಕೂಡ ಭೂಖಂಡದಿಂದ ಮುರಿದುಕೊಂಡ ತುಂಡು, ಹೊರಡುವಾಗಲೇ ಮೈಮೇಲೆ ಗಿಡಮರ ಇತ್ತು. ಏಪ್ರಿಲ್ ಬಂತೆಂದರೆ ನಮ್ಮ ರಸ್ತೆಗಳನ್ನು ಕೆಂಪು ಮಾಡುವ ಗುಲ್‌ಮೊಹರ್ ಅಲ್ಲಿಂದಲೇ ಬಂದದ್ದು, ಇರಲಿ. ಹವಾಯಿ, ಗಲಪಗಾಸ್, ಸೇಂಟ್ ಹೆಲೀನಾ, ಕ್ಯಾನರಿ, ಇವು ಬೇರೆ ಥರ. ಇವು ಸಮುದ್ರದ ತಳದಿಂದ ಜ್ವಾಲಾಮುಖಿಯಾಗಿ ಎದ್ದು ಬಂದವು. ಯಾವ ನೆಲಕ್ಕೂ ಎಂದೂ ಅಂಟಿಕೊಂಡಿರಲಿಲ್ಲ. ಹುಟ್ಟುವಾಗ ಬರೀ ಬಿಸಿ ಕಲ್ಲು. ಅಲ್ಲಿರುವ ಒಂದೊಂದು ಹುಲ್ಲುಕಡ್ಡಿಯೂ ನೀರು ದಾಟಿ ಬಂದದ್ದೇ, ಇಲ್ಲವೇ ದಾಟಿ ಬಂದದ್ದರ ಸಂತಾನ.

ಹವಾಯಿಯಿಂದ ಅತಿ ಹತ್ತಿರದ ಭೂಖಂಡಕ್ಕೆ ಸುಮಾರು 3,700 ಕಿಲೋಮೀಟರ್. ಇಷ್ಟು ದೂರ ಬೀಜ ಹೋಗುವುದು ಹೇಗೆ ಅನ್ನುವ ತಲೆನೋವು ಹಳೆಯದು. 1855ರಲ್ಲಿ ಚಾರ್ಲ್ಸ್ ಡಾರ್ವಿನ್ ಮನೆಯಲ್ಲೇ ಬಾಟಲಿಗಳಲ್ಲಿ ಉಪ್ಪುನೀರು ತುಂಬಿಸಿ ಎಲೆಕೋಸು, ಮೂಲಂಗಿ, ಈರುಳ್ಳಿ ಅಂತ ಕೈಗೆ ಸಿಕ್ಕ ಬೀಜಗಳನ್ನೆಲ್ಲ ನೆನೆಹಾಕಿ ಕೂತರು. ಉಪ್ಪುನೀರಿಗೆ ಬೀಜ ಸಾಯುತ್ತದೆ ಎಂದೇ ಆಗ ಹೆಚ್ಚಿನವರ ನಂಬಿಕೆ. ಅವರ ಗೆಳೆಯ, ಸಸ್ಯವಿಜ್ಞಾನಿ ಜೋಸೆಫ್ ಹುಕರ್ ಅವರಿಗೂ ಅನುಮಾನವಿತ್ತು. ಹುಕರ್ ಅವರನ್ನು ಅಪ್ಪ ಸೋಲಿಸುತ್ತಾರಾ ಅಂತ ಡಾರ್ವಿನ್ ಮಕ್ಕಳು ದಿನಾ ವಿಚಾರಿಸುತ್ತಿದ್ದರಂತೆ. 87 ಬಗೆಯ ಬೀಜಗಳಲ್ಲಿ 64 ಬಗೆ 28 ದಿನ ನೆನೆದ ಮೇಲೂ ಮೊಳೆತವು. ಕೆಲವು 137 ದಿನ ತಡೆದವು. ಅಪ್ಪ ಗೆದ್ದರು ಅನ್ನುವಷ್ಟರಲ್ಲಿ ಇನ್ನೊಂದು ತೊಂದರೆ ಕಾಣಿಸಿತು. ಬದುಕಿದ ಬೀಜಗಳಲ್ಲಿ ಬಹಳಷ್ಟು ತೇಲುವುದೇ ಇಲ್ಲ, ತಳಕ್ಕೆ ಹೋಗಿ ಕೂರುತ್ತವೆ. ಮುಳುಗಿದ ಬೀಜ ಬದುಕಿದ್ದು ಏನು ಪ್ರಯೋಜನ? ಆಮೇಲೆ ಹಣ್ಣುಕಾಯಿ ಸಮೇತ ಒಣಗಿದ ಕೊಂಬೆಗಳನ್ನು ತೇಲಿಬಿಟ್ಟು ನೋಡಿದಾಗ, ಒಣಗಿದ್ದು ಹಸಿಯದಕ್ಕಿಂತ ಬಹಳ ದಿನ ತೇಲುತ್ತದೆ ಅಂತ ಗೊತ್ತಾಯಿತು. ಅಟ್ಲಾಂಟಿಕ್ ಸಾಗರದ ಪ್ರವಾಹದ ವೇಗ ಸೇರಿಸಿ ಅವರು ಹಾಕಿದ ಲೆಕ್ಕದ ಪ್ರಕಾರ ನೂರಕ್ಕೆ ಹದಿನಾಲ್ಕು ಬಗೆಯ ಗಿಡಗಳ ಬೀಜ 28 ದಿನದಲ್ಲಿ ಸುಮಾರು 1,500 ಕಿಲೋಮೀಟರ್ ತೇಲಿ ಹೋಗಿ ಮೊಳೆಯಬಲ್ಲವು.

ಒಳ್ಳೆಯ ದೂರವೇ. ಆದರೆ ಹವಾಯಿಗೆ ಸಾಲದು. ತೇಲಿ ಬಂದ ಬೀಜ ಬಂದು ಬೀಳುವುದೂ ದಂಡೆಯ ಉಪ್ಪು ಮರಳಿಗೆ, 3,055 ಮೀಟರ್ ಎತ್ತರದ ಹಲೆಯಾಕಲಾ ತುದಿಗಲ್ಲ.

ಹಾಗಾದರೆ ಗಾಳಿಯಾ? ಕೇಳಿದವರೆಲ್ಲ ಮೊದಲು ಊಹಿಸುವುದು ಅದನ್ನೇ. ಜರೀಗಿಡಗಳ ಮಟ್ಟಿಗೆ ನಿಜ, ಅವುಗಳ ಬೀಜಕಣ ಧೂಳಿಗಿಂತ ಹಗುರ. ಆದರೆ ಹೂಬಿಡುವ ಗಿಡಗಳ ವಿಷಯಕ್ಕೆ ಬಂದರೆ ಗಾಳಿಯ ಪಾಲು ತೀರಾ ಕಮ್ಮಿ. ದ್ವೀಪದ ಗಿಡಗಳ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದ ಶರ್ವಿನ್ ಕಾರ್ಲ್‌ಕ್ವಿಸ್ಟ್ ಹವಾಯಿಗೆ ಬಂದ ಮೂಲ ಗಿಡಗಳ ಬೀಜ, ಹಣ್ಣುಗಳ ರೀತಿ ನೋಡಿ ಒಂದು ಲೆಕ್ಕ ಹಾಕಿದರು. ನೂರರಲ್ಲಿ ಎಪ್ಪತ್ತೈದರಷ್ಟು ಹಕ್ಕಿಗಳ ಮೂಲಕ ಬಂದಿರಬೇಕು, ಇಪ್ಪತ್ತಕ್ಕೆ ತುಸು ಮೇಲೆ ಸಮುದ್ರದಲ್ಲಿ ತೇಲಿ, ಗಾಳಿಯಲ್ಲಿ ಬಂದದ್ದು ಒಂದೋ ಎರಡೋ ಅಷ್ಟೇ. ಹಕ್ಕಿ ಅಂದರೆ ಬರೀ ಹಣ್ಣು ತಿಂದು ಹಿಕ್ಕೆ ಹಾಕುವುದಲ್ಲ. ಕಾಲಿನ ಕೆಸರಿನಲ್ಲಿ ಬೀಜ ಇರುತ್ತದೆ. ಪುಕ್ಕಕ್ಕೆ ಅಂಟಿದ್ದು ಇರುತ್ತದೆ. ಹಳ್ಳಿಯಲ್ಲಿ ಹೊಲದ ಬದು ಹತ್ತಿ ಇಳಿದರೆ ಪಂಚೆಗೆಲ್ಲ ಉತ್ತರಾಣಿ ಕಚ್ಚಿಕೊಳ್ಳುತ್ತದಲ್ಲ, ಹಾಗೆ. ಪೆಸಿಫಿಕ್ ಗೋಲ್ಡನ್ ಪ್ಲೋವರ್ ಎಂಬ ಸಣ್ಣ ಹಕ್ಕಿ ಅಲಾಸ್ಕದಿಂದ ಹವಾಯಿಗೆ ಎಲ್ಲೂ ಇಳಿಯದೆ ಮೂರು ನಾಲ್ಕು ದಿನದಲ್ಲಿ ಹಾರಿಬಿಡುತ್ತದೆ. ಇದು ಚಳಿಗಾಲದಲ್ಲಿ ಭಾರತಕ್ಕೂ ಬರುವ ಹಕ್ಕಿ. ಬೀಜವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಹಕ್ಕಿ ಸಾಗರ ದಾಟುತ್ತದಾ ಅನ್ನುವುದಕ್ಕೆ ನೇರ ಸಾಕ್ಷಿ ಸಿಕ್ಕಿದ್ದು ಕ್ಯಾನರಿ ದ್ವೀಪಗಳಲ್ಲಿ. ಅಲ್ಲಿನ ಒಂದು ಜಾತಿಯ ಡೇಗೆ ವಲಸೆ ಹಕ್ಕಿಗಳನ್ನು ಕಡಲ ಮೇಲೆಯೇ ಹಿಡಿದು ಗೂಡಿಗೆ ತರುತ್ತದೆ. ಸಂಶೋಧಕರು ಆ ಸತ್ತ ಹಕ್ಕಿಗಳ ಹೊಟ್ಟೆ ಸೀಳಿ ನೋಡಿದರು. ನೂರಕ್ಕೆ ಒಂದಕ್ಕಿಂತ ತುಸು ಜಾಸ್ತಿ ಹಕ್ಕಿಗಳಲ್ಲಿ ಬೀಜವಿತ್ತು. ಕಮ್ಮಿ ಅನ್ನಿಸಬಹುದು. ಪ್ರತಿ ವರ್ಷ ಲಕ್ಷಾಂತರ ಹಕ್ಕಿ ಹಾರುತ್ತವೆ ಅನ್ನುವುದನ್ನು ನೆನೆಸಿಕೊಂಡರೆ ಕಮ್ಮಿ ಅಲ್ಲ.

ಇನ್ನು ಲೆಕ್ಕದ ಇನ್ನೊಂದು ಮಗ್ಗುಲು. ಹವಾಯಿಯ ಸ್ಥಳೀಯ ಹೂಗಿಡಗಳು ಸುಮಾರು ಒಂದು ಸಾವಿರ ಪ್ರಭೇದ, ಅದರಲ್ಲಿ ನೂರಕ್ಕೆ ತೊಂಬತ್ತರಷ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಇಷ್ಟೂ ಬಂದಿರುವುದು 270-290 ಮೂಲ ಗಿಡಗಳಿಂದ. ದ್ವೀಪಸಾಲಿನ ವಯಸ್ಸು ಸುಮಾರು 3 ಕೋಟಿ ವರ್ಷ ಅಂತ ಹಿಡಿದರೆ, ಲಕ್ಷ ವರ್ಷಕ್ಕೆ ಒಂದು ಗಿಡ ಬಂದು ನೆಲೆ ನಿಂತ ಹಾಗಾಯಿತು. ಅಪರೂಪ ಅಂದರೆ ಈ ಮಟ್ಟದ ಅಪರೂಪ. ಮನುಷ್ಯ ಬಂದ ಮೇಲೆ ಲೆಕ್ಕವೇ ಬದಲಾಯಿತು. ಪಾಲಿನೇಷ್ಯದ ಜನ ದೋಣಿಯಲ್ಲಿ ತೆಂಗು, ಬಾಳೆ, ಕಬ್ಬು, ಕೆಸು, ಅರಿಶಿನ ಎಲ್ಲ ಹೊತ್ತು ತಂದರು. ಹವಾಯಿ ಅಂದ ತಕ್ಷಣ ಕಣ್ಣಿಗೆ ಬರುವ ತೆಂಗಿನ ಮರ ಅಲ್ಲಿನದೇ ಅಲ್ಲ ಅಂದರೆ ಜನ ನಂಬುವುದಿಲ್ಲ. ಆಮೇಲೆ ಹಡಗು, ವಿಮಾನ. ಈಗ ಅಲ್ಲಿ ತಾವಾಗಿಯೇ ಹಬ್ಬಿರುವ ಹೊರಗಿನ ಗಿಡಗಳ ಸಂಖ್ಯೆ ಸಾವಿರ ದಾಟಿದೆ. 3 ಕೋಟಿ ವರ್ಷದ ಕೆಲಸವನ್ನು ಕೆಲವೇ ನೂರು ವರ್ಷಗಳಲ್ಲಿ ಮುಗಿಸಿದ್ದೇವೆ.

ಈಗ ನಿಮ್ಮ ಲಕ್ಷದ್ವೀಪದ ಪ್ರಶ್ನೆ. ಅದನ್ನು ಕೊನೆಗೆ ಕೇಳಿದ್ದೀರಿ, ಆದರೆ ಇಲ್ಲೇ ಉತ್ತರಿಸಿದರೆ ಉಳಿದದ್ದು ಸುಲಭವಾಗುತ್ತದೆ. ಲಕ್ಷದ್ವೀಪ ನಮಗೆ ಹತ್ತಿರದ್ದು, 1956ರವರೆಗೆ ಅದರ ಉತ್ತರದ ಅಮಿನಿದೀವಿ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿ ಸಿಲ್ವರ್‌ಸ್ವೋರ್ಡಿನಂಥ ಗಿಡ ಹುಡುಕಿಕೊಂಡು ಹೋದರೆ ನಿರಾಸೆಯೇ. ಒಟ್ಟು ನೆಲ 32 ಚದರ ಕಿಲೋಮೀಟರ್, ನೀರಿನಿಂದ ಕೆಲವೇ ಮೀಟರ್ ಎತ್ತರ, ಹವಳದ ಮರಳು, ಬೆಟ್ಟವಿಲ್ಲ, ಕಣಿವೆಯಿಲ್ಲ. ಕೇರಳ ತೀರಕ್ಕೆ 220ರಿಂದ 440 ಕಿಲೋಮೀಟರ್. ಅಲ್ಲಿ ಸಿಗುವುದು ಹೆಚ್ಚಾಗಿ ಮಲ್ಪೆಯಲ್ಲೋ ಗೋಕರ್ಣದಲ್ಲೋ ಕಾಣುವ ದಂಡೆಯ ಗಿಡಗಳೇ. ಮರಳಿನ ಮೇಲೆ ಹರಡಿ ನೇರಳೆ ಹೂ ಬಿಡುವ ಆ ಬಳ್ಳಿ ಗೊತ್ತಲ್ಲ, ಎಲೆಯ ತುದಿ ಎರಡಾಗಿ ಸೀಳಿರುತ್ತದೆ, ಅದೇ ಬಳ್ಳಿ ಹವಾಯಿಯ ದಂಡೆಯಲ್ಲೂ ಇದೆ. ಯಾರೂ ತಂದು ನೆಟ್ಟಿದ್ದಲ್ಲ, ತಾನೇ ತೇಲಿ ಹೋಗಿ ಬೆಳೆದದ್ದು. ಮತ್ತೆ ಅದು ಇಲ್ಲೂ ಅಲ್ಲೂ ಒಂದೇ ಪ್ರಭೇದ.

ಗಮನಿಸಿ, ಇದು ನನಗೆ ಈ ಇಡೀ ವಿಷಯದಲ್ಲೇ ಅತಿ ಇಷ್ಟದ ಜಾಗ. ಸುಲಭವಾಗಿ ಸಮುದ್ರ ದಾಟುವ ಗಿಡ ಬದಲಾಗುವುದಿಲ್ಲ. ಯಾಕೆಂದರೆ ಅದು ಮತ್ತೆ ಮತ್ತೆ ಬರುತ್ತದೆ. ದ್ವೀಪದಲ್ಲಿರುವ ಗಿಡ ಸ್ವಲ್ಪ ಬೇರೆಯಾಗುವಷ್ಟರಲ್ಲಿ ಹೊರಗಿನಿಂದ ಹಳೇ ಥರದ ಬೀಜ ಮತ್ತೆ ಬಂದು ಬೀಳುತ್ತದೆ, ಎರಡೂ ಬೆರೆಯುತ್ತವೆ, ಆಗಿದ್ದ ಬದಲಾವಣೆ ಕರಗಿಹೋಗುತ್ತದೆ. ಬರಲು ಕಷ್ಟಪಟ್ಟ ಗಿಡ, ಹೇಗೋ ಒಂದು ಸಲ ಬಂದು ಆಮೇಲೆ ಲಕ್ಷಾಂತರ ವರ್ಷ ತವರಿನ ಸುದ್ದಿಯೇ ಇಲ್ಲದ ಗಿಡ, ಅದು ತನ್ನ ದಾರಿಗೆ ಹೋಗುತ್ತದೆ. ಟಾರ್‌ವೀಡ್ ಬೀಜ ಐವತ್ತು ವರ್ಷಕ್ಕೊಮ್ಮೆ ಹವಾಯಿಗೆ ಬರುತ್ತಿದ್ದರೆ ನಿಮ್ಮ ಮಗಳು ಕಳಿಸಿದ ಫೋಟೊದಲ್ಲಿ ಸಿಲ್ವರ್‌ಸ್ವೋರ್ಡ್ ಇರುತ್ತಿರಲಿಲ್ಲ.

ಬಂದದ್ದಾಯಿತು. ಬಂದ ಮೇಲೆ ಬದುಕಬೇಕಲ್ಲ? ಬಂದ ಬೀಜಗಳಲ್ಲಿ ಹೆಚ್ಚಿನವು ಇಲ್ಲೇ ಸೋಲುವುದು.

ಆಲ, ಅರಳಿ, ಅತ್ತಿ, ಬಸರಿ. ಇವುಗಳ ಹಣ್ಣನ್ನು ತಿನ್ನದ ಹಕ್ಕಿಯಿಲ್ಲ, ಬೀಜ ಸಾಸಿವೆಗಿಂತ ಸಣ್ಣದು, ಹಿಕ್ಕೆಯಲ್ಲಿ ಬಿದ್ದರೆ ಬೆಂಗಳೂರಿನ ಮೂರನೇ ಮಹಡಿಯ ಗೋಡೆ ಬಿರುಕಿನಲ್ಲೂ ಹುಟ್ಟುತ್ತದೆ. ಹಕ್ಕಿಯ ಹೊಟ್ಟೆಯಲ್ಲಿ ದೂರ ಹೋಗಲು ಇದಕ್ಕಿಂತ ತಯಾರಾದ ಮರ ಇನ್ನೊಂದಿಲ್ಲ ಅನ್ನಿಸುತ್ತದೆ ಅಲ್ವಾ? ಆದರೆ ಹವಾಯಿಯಲ್ಲಿ ಈ ಕುಲದ ಒಂದೇ ಒಂದು ಸ್ಥಳೀಯ ಮರವೂ ಇರಲಿಲ್ಲ. ಕಾರಣ ಅತ್ತಿ ಹಣ್ಣು ಬಿಚ್ಚಿದರೆ ಕಾಣುವ ಆ ಹುಳ. ಅದು ಪುಟ್ಟ ಕಣಜ. ಸಾಮಾನ್ಯವಾಗಿ ಒಂದೊಂದು ಜಾತಿಯ ಆಲಕ್ಕೂ ಅತ್ತಿಗೂ ಅದರದ್ದೇ ಒಂದು ಕಣಜ ಬೇಕು, ಇಲ್ಲದಿದ್ದರೆ ಪರಾಗಸ್ಪರ್ಶ ಇಲ್ಲ, ಬೀಜ ಇಲ್ಲ. ಆ ಕಣಜದ ಆಯುಷ್ಯ ಒಂದೆರಡು ದಿನ. ಮರ ಒಂದು ವೇಳೆ ಬಂದು ಬೆಳೆದಿದ್ದರೂ ಬಂಜೆಯಾಗಿಯೇ ನಿಂತು ಸತ್ತಿರುತ್ತದೆ. ಇದಕ್ಕೆ ಸಾಕ್ಷಿ ಆಮೇಲೆ ಸಿಕ್ಕಿತು. ಇಪ್ಪತ್ತನೇ ಶತಮಾನದಲ್ಲಿ ಅಲ್ಲಿನ ಅರಣ್ಯದವರು ಹೊರಗಿನಿಂದ ಆಲದ ಜಾತಿಯ ಮರಗಳನ್ನು ತಂದು ನೆಟ್ಟರು, ಕೆಲವಕ್ಕೆ ಕಣಜವನ್ನೂ ಬೇಕೆಂದೇ ತರಿಸಿದರು. ಅಲ್ಲಿಯವರೆಗೆ ಸುಮ್ನೆ ನಿಂತಿದ್ದ ಮರಗಳು ಬೀಜ ಬಿಟ್ಟು ಹಬ್ಬಲು ಶುರು ಮಾಡಿ ಈಗ ಕಳೆಯಾಗಿವೆ.

ಇದಕ್ಕೆ ಎದುರಾಗಿ ಶ್ರೀಗಂಧವನ್ನು ನೋಡಿ. ಅದು ಇನ್ನೊಂದು ಗಿಡದ ಬೇರಿಗೆ ಬೇರು ಚುಚ್ಚಿ ಬದುಕುವ ಮರ. ಒಂಟಿಯಾಗಿ ಬೆಳೆಯುವುದು ಕಷ್ಟ. ಇಂಥದ್ದು ಬರಡು ದ್ವೀಪದಲ್ಲಿ ಸೋಲಲೇಬೇಕಿತ್ತು. ಆದರೆ ಅದಕ್ಕೆ ಇಂಥದ್ದೇ ಬೇರು ಬೇಕೆಂಬ ಹಟವಿಲ್ಲ, ಹುಲ್ಲಿನಿಂದ ಹಿಡಿದು ಮರದವರೆಗೆ ಯಾರ ಬೇರು ಸಿಕ್ಕರೂ ಆದೀತು. ಹೂವಿಗೂ ಹಾಗೇ, ಬಂದ ಹುಳವೆಲ್ಲ ನೆಂಟರೇ. ಹಣ್ಣು ಹಕ್ಕಿಗಳಿಗೆ ಇಷ್ಟ, ಇಲ್ಲಿ ಕೋಗಿಲೆ, ಪಿಕಳಾರ ತಿನ್ನುವುದನ್ನು ನೀವೇ ನೋಡಿರಬಹುದು. ಹಾಗಾಗಿ ಶ್ರೀಗಂಧದ ಕುಲ ಆಸ್ಟ್ರೇಲಿಯಾ ಕಡೆಯಿಂದ ಪೆಸಿಫಿಕ್ ತುಂಬ ಹರಡಿತು. ಡಿಎನ್‌ಎ ಪ್ರಕಾರ ಹವಾಯಿಗೆ ಎರಡು ಸಲ ಬೇರೆ ಬೇರೆಯಾಗಿ ಬಂದಿದೆ. ಅಲ್ಲಿ ಈಗ ಆರು ಪ್ರಭೇದಗಳಿವೆ, ಎಲ್ಲ ಅಲ್ಲಿನವೇ. ನಮ್ಮದರ ಕಥೆಯೇ ಅಲ್ಲೂ ಆಯಿತು. 19ನೇ ಶತಮಾನದ ಮೊದಲ ದಶಕಗಳಲ್ಲಿ ಬೆಟ್ಟಬೆಟ್ಟವನ್ನೇ ಬರಿದು ಮಾಡಿ ಗಂಧವನ್ನು ಚೀನಾಕ್ಕೆ ಮಾರಿದರು. ಚಿಲಿ ದೇಶದ ಎದುರಿನ ಹುವಾನ್ ಫರ್ನಾಂಡಿಸ್ ದ್ವೀಪದಲ್ಲೂ ಒಂದು ಶ್ರೀಗಂಧವಿತ್ತು. ಅದರ ಕೊನೆಯ ಜೀವಂತ ಮರವನ್ನು ವಿಜ್ಞಾನಿಗಳು ನೋಡಿದ್ದು 1908ರಲ್ಲಿ. ಈಗಿಲ್ಲ.

ಆರ್ಕಿಡ್‌ಗಳದ್ದೂ ಇದೇ ಪಾಠ. ನಾವು ಸೀತಾಳೆ ಅನ್ನುವ ಹೂಗಳ ಬಳಗ. ಬೀಜ ಧೂಳಿನಂತೆ, ಗಾಳಿಗೆ ಹೇಳಿ ಮಾಡಿಸಿದ್ದು. ಪಶ್ಚಿಮ ಘಟ್ಟದಲ್ಲಿ ಇನ್ನೂರಕ್ಕೂ ಹೆಚ್ಚು ಪ್ರಭೇದ. ಹವಾಯಿಯಲ್ಲಿ ಸ್ಥಳೀಯವಾದವು ಮೂರೇ ಮೂರು. ಬೀಜ ಮೊಳೆಯಲು ತಕ್ಕ ಶಿಲೀಂಧ್ರ ಬೇಕು, ಹೂವಿಗೆ ತಕ್ಕ ಕೀಟ ಬೇಕು. ಷರತ್ತು ಜಾಸ್ತಿ ಹಾಕುವವರಿಗೆ ದ್ವೀಪದಲ್ಲಿ ಜಾಗವಿಲ್ಲ. ತನ್ನ ಪರಾಗದಿಂದಲೇ ತಾನು ಬೀಜ ಕಟ್ಟಬಲ್ಲ ಗಿಡಕ್ಕೆ ಒಂದೇ ಬೀಜ ಸಾಕು ಸಂಸಾರ ಹೂಡಲು ಅಂತ ಸಸ್ಯವಿಜ್ಞಾನಿ ಹರ್ಬರ್ಟ್ ಬೇಕರ್ 1955ರಲ್ಲಿ ಹೇಳಿದ್ದರು, ದ್ವೀಪಗಳಲ್ಲಿ ಅಂಥ ಗಿಡಗಳೇ ಹೆಚ್ಚು ಎನ್ನುವುದು ಒಟ್ಟಾರೆ ಸರಿಯೇ. ತಮಾಷೆ ಏನೆಂದರೆ ಹಲೆಯಾಕಲಾ ಸಿಲ್ವರ್‌ಸ್ವೋರ್ಡ್ ಮಾತ್ರ ಈ ನಿಯಮಕ್ಕೆ ತಲೆಬಾಗುವುದಿಲ್ಲ. ತನ್ನ ಪರಾಗ ತನಗೇ ಒಗ್ಗದು. ಹತ್ತಾರು ವರ್ಷ ಬೆಳೆದು ಒಂದೇ ಸಲ ಹೂ ಬಿಟ್ಟು ಸಾಯುವ ಗಿಡ, ಆ ವರ್ಷ ಹತ್ತಿರದಲ್ಲಿ ಇನ್ನೊಂದು ಹೂ ಬಿಟ್ಟಿಲ್ಲವೆಂದರೆ ಅಷ್ಟೂ ವರ್ಷ ದಂಡ.

ಹತ್ತಿರದ ದ್ವೀಪವಾದರೆ ಎಷ್ಟು ಬೇಗ ಎಲ್ಲ ನಡೆಯುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. 1883ರ ಆಗಸ್ಟಿನಲ್ಲಿ ಇಂಡೋನೇಷ್ಯಾದ ಕ್ರಕಟೋವಾ ಸ್ಫೋಟಿಸಿ, ಉಳಿದ ತುಂಡು ಬಿಸಿ ಬೂದಿಯಲ್ಲಿ ಹೂತುಹೋಯಿತು. ಒಂಬತ್ತು ತಿಂಗಳ ಮೇಲೆ ಹೋದವರಿಗೆ ಅಲ್ಲಿ ಕಂಡದ್ದು ಒಂದು ಸಣ್ಣ ಜೇಡ. 1886ರಲ್ಲಿ ಸಸ್ಯವಿಜ್ಞಾನಿ ಮೆಲ್ಕಿಯರ್ ಟ್ರೂಬ್ ಹೋದಾಗ ಒಳನಾಡಿನಲ್ಲಿ ಜರೀಗಿಡಗಳು, ಅಂಚಿನಲ್ಲಿ ದಂಡೆಯ ಗಿಡಗಳು. ಐವತ್ತು ವರ್ಷ ತುಂಬುವ ಹೊತ್ತಿಗೆ ಕಾಡು, ಅದರಲ್ಲಿ ಅತ್ತಿ ಜಾತಿಯ ಮರಗಳೂ ಇದ್ದವು. ಜಾವಾ, ಸುಮಾತ್ರ ಎರಡೂ ಸುಮಾರು 40 ಕಿಲೋಮೀಟರ್ ದೂರದಲ್ಲೇ ಇವೆ, ಅಷ್ಟನ್ನು ಕಣಜಗಳೂ ದಾಟಿಬಿಟ್ಟವು. ಆದರೆ ಅಲ್ಲಿ ಹೊಸ ಪ್ರಭೇದ ಹುಟ್ಟಲಿಲ್ಲ, ಹುಟ್ಟುವುದೂ ಇಲ್ಲ. ಲಕ್ಷದ್ವೀಪದ ಹಾಗೇ, ಬರುವವರು ಬರುತ್ತಲೇ ಇರುತ್ತಾರೆ.

ಸರಿ, ಬದಲಾಗುವುದು ಹೇಗೆ ಅನ್ನುವುದಕ್ಕೆ ಬರೋಣ. ಗಿಡ ಬಯಸಿ ಬದಲಾಗುವುದಿಲ್ಲ, ಅದನ್ನು ಮೊದಲು ಪಕ್ಕಕ್ಕಿಡಿ. ಹತ್ತು ಥರದ ಕಾಳು ಬೆರೆತ ಮೂಟೆಯಿಂದ ಕಣ್ಣುಮುಚ್ಚಿ ನಾಲ್ಕು ಕಾಳು ಎತ್ತಿಕೊಂಡರೆ ಆ ನಾಲ್ಕು ಇಡೀ ಮೂಟೆಯ ಹಾಗಿರುವುದಿಲ್ಲ. ಎರಡು ಹೆಸರುಕಾಳೇ ಬಂದಿರಬಹುದು, ಕಡಲೆ ಬಂದೇ ಇಲ್ಲದಿರಬಹುದು. ದ್ವೀಪಕ್ಕೆ ಬಂದ ಒಂದೆರಡು ಬೀಜಗಳೂ ಹೀಗೇ ತವರಿನ ಜೀನ್‌ಗಳಲ್ಲಿ ಒಂದು ಚೂರನ್ನಷ್ಟೇ ತಂದಿರುತ್ತವೆ. ಶುರುವಿನಲ್ಲೇ ವ್ಯತ್ಯಾಸ ಬಿತ್ತು. ಗಿಡಗಳ ಸಂಖ್ಯೆ ಸಣ್ಣದಿದ್ದಾಗ ಬರೀ ಅದೃಷ್ಟದಿಂದಲೇ ಕೆಲವು ಜೀನ್ ಉಳಿಯುತ್ತವೆ, ಕೆಲವು ಅಳಿಯುತ್ತವೆ. ಅದರ ಮೇಲೆ ಹೊಸ ಜಾಗದ ಬಿಸಿಲು, ಮಳೆ, ಮಣ್ಣು ಆಯ್ಕೆ ಮಾಡುತ್ತದೆ.

ಆಯ್ಕೆಗೆ ಅಲ್ಲಿ ಎಷ್ಟು ಜಾಗ ಖಾಲಿ ಇತ್ತು ನೋಡಿ. ಭೂಖಂಡದಲ್ಲಿ ಒಂದು ಪುಟ್ಟ ಟಾರ್‌ವೀಡ್ ಮರವಾಗಲು ಹೊರಟರೆ ಅಲ್ಲಿ ಆಗಲೇ ನೂರು ಜಾತಿ ಮರಗಳು ನೆರಳು ಹಾಕಿ ನಿಂತಿರುತ್ತವೆ. ಹವಾಯಿಯಲ್ಲಿ ಆ ಮರಗಳು ಬಂದಿರಲಿಲ್ಲ. ಹೀಗಾಗಿ ಆ ಒಂದು ಬೀಜದ ಸಂತಾನ ಇವತ್ತು ಮೂರು ಕುಲ, ಮೂವತ್ತಕ್ಕೂ ಹೆಚ್ಚು ಪ್ರಭೇದ. ಸಿಲ್ವರ್‌ಸ್ವೋರ್ಡ್ ಅದರಲ್ಲಿ ಒಂದು. ಬೆಟ್ಟದ ತುದಿಯ ಸುಡುಬಿಸಿಲು, ರಾತ್ರಿಯ ಕೊರೆತಕ್ಕೆ ಅದರ ಎಲೆಯ ಮೇಲೆ ಬೆಳ್ಳಿ ರೋಮ, ಒಳಗೆ ನೀರು ಹಿಡಿದಿಡುವ ಲೋಳೆ. ಅದರ ಅಣ್ಣತಮ್ಮಂದಿರಲ್ಲಿ ಒಬ್ಬ ಎಂಟು ಮೀಟರ್ ಮರ, ಇನ್ನೊಬ್ಬ ಕಾಡಿನಲ್ಲಿ ಹಬ್ಬುವ ಬಳ್ಳಿ, ಮತ್ತೊಬ್ಬ ಹೊಸ ಲಾವಾ ಮೇಲೆ ಬೆಳೆಯುವ ಪೊದೆ. ಹವಾಯಿ ಸಾಲಿನ ಕೌವಾಯಿ ದ್ವೀಪದ ವಾಯಲೆಯಾಲೆ ಬೆಟ್ಟದಲ್ಲಿ ವರ್ಷಕ್ಕೆ ಸುಮಾರು 11,000 ಮಿಲಿಮೀಟರ್ ಮಳೆ, ನಮ್ಮ ಆಗುಂಬೆಗಿಂತ ಜಾಸ್ತಿ, ಅಲ್ಲಿನ ಜೌಗಿನಲ್ಲಿ ನೆಲಕ್ಕೆ ಕವುಚಿ ಗುಪ್ಪೆಯಾಗಿ ಬೆಳೆಯುವ ಒಬ್ಬನೂ ಇದ್ದಾನೆ. ನೋಡಿದರೆ ಒಂದೇ ಮನೆಯವರು ಅಂತ ಯಾರೂ ಹೇಳಲಾರರು. ಕಾರ್ಲ್‌ಕ್ವಿಸ್ಟ್ 1959ರಲ್ಲೇ ಒಳರಚನೆ ನೋಡಿ ಇವರ ಮೂಲ ಟಾರ್‌ವೀಡ್ ಅಂದಾಗ ಎಲ್ಲರೂ ಒಪ್ಪಲಿಲ್ಲ. 1991ರಲ್ಲಿ ಬ್ರೂಸ್ ಬಾಲ್ಡ್‌ವಿನ್ ಮತ್ತು ಸಂಗಡಿಗರು ಡಿಎನ್‌ಎ ಹಿಡಿದು ಅದನ್ನೇ ತೋರಿಸಿದರು. ಸಾಲದ್ದಕ್ಕೆ ಆ ಪೂರ್ವಜ ಎರಡು ಜಾತಿ ಕೂಡಿ ಹುಟ್ಟಿದ ಮಿಶ್ರತಳಿ, ಬರುವಾಗಲೇ ಎರಡು ಮನೆಯ ಜೀನ್ ಹೊತ್ತು ಬಂದಿತ್ತು. ಇಷ್ಟೊಂದು ರೂಪ ತಾಳಲು ಅದೂ ಒಂದು ಕಾರಣ ಇರಬೇಕು ಅನ್ನುವುದು ನನ್ನ ಅಂದಾಜು. ಕ್ಯಾಲಿಫೋರ್ನಿಯಾದಲ್ಲಿ ಉಳಿದಿರುವ ಒಂದು ನೆಂಟ ಗಿಡಕ್ಕೆ ಈಗ ಕಾರ್ಲ್‌ಕ್ವಿಸ್ಟಿಯಾ ಅಂತಲೇ ಹೆಸರು.

ದ್ವೀಪವೂ ಒಂದೇ ಕಡೆ ನಿಲ್ಲುವುದಿಲ್ಲ ಅನ್ನುವುದು ಇನ್ನೊಂದು ಸ್ವಾರಸ್ಯ. ಭೂಮಿಯೊಳಗಿನ ಬಿಸಿಯ ಜಾಗ ಅಲ್ಲೇ ಇರುತ್ತದೆ, ಮೇಲಿನ ಪೆಸಿಫಿಕ್ ಫಲಕ, ಅಂದರೆ ಆ ಸಾಗರದ ತಳವನ್ನು ಹೊತ್ತ ಕಲ್ಲಿನ ಪದರ, ವರ್ಷಕ್ಕೆ ಕೆಲವು ಸೆಂಟಿಮೀಟರ್ ವಾಯವ್ಯಕ್ಕೆ ಸರಿಯುತ್ತದೆ. ಹಾಗಾಗಿ ಕೌವಾಯಿಗೆ ಸುಮಾರು 50 ಲಕ್ಷ ವರ್ಷ, ಜ್ವಾಲಾಮುಖಿ ಇನ್ನೂ ಉರಿಯುತ್ತಿರುವ ದೊಡ್ಡ ದ್ವೀಪಕ್ಕೆ ಹತ್ತು ಲಕ್ಷವೂ ಆಗಿಲ್ಲ. ಹಳೆಯವು ಸವೆದು ನೀರಿಗಿಳಿಯುತ್ತವೆ, ಹೊಸವು ಏಳುತ್ತವೆ, ಗಿಡಗಳು ಹಳೆಯದರಿಂದ ಹೊಸದಕ್ಕೆ ದಾಟುತ್ತ, ದಾಟಿದಾಗೊಮ್ಮೆ ಸ್ವಲ್ಪ ಬೇರೆಯಾಗುತ್ತ ಬರುತ್ತವೆ. ಕೆಮ್ಮಣ್ಣುಗುಂಡಿ ಕಡೆ ಆಳಿಗಿಂತ ಎತ್ತರ ಬೆಳೆಯುವ ಕಾಡುಹೊಗೆಸೊಪ್ಪು ನೋಡಿದ್ದೀರಾ? ಅದು ಲೊಬೀಲಿಯಾ. ಅದೇ ಬಳಗದ ಒಂದು ಬೀಜ ಹವಾಯಿಗೆ ಬಂದು 125ರಷ್ಟು ಪ್ರಭೇದ ಆಗಿದೆ. ಅದು ಬಂದದ್ದು ಸುಮಾರು 1.3 ಕೋಟಿ ವರ್ಷದ ಹಿಂದೆ. ಅಂದರೆ ಅದು ಮೊದಲು ಕಾಲಿಟ್ಟ ದ್ವೀಪ ಈಗ ಹೆಚ್ಚುಕಮ್ಮಿ ಸಮುದ್ರದ ಪಾಲು. ಗಿಡ ಉಳಿಯಿತು, ನೆಲ ಮುಳುಗಿತು.

ಬದಲಾವಣೆ ಅಂದರೆ ಬರೀ ಗಳಿಕೆಯಲ್ಲ. ಕಳೆದುಕೊಳ್ಳುವುದೇ ಬಹಳ. ಬಟ್ಟೆಗೆ ಚುಚ್ಚಿಕೊಳ್ಳುವ ಕಪ್ಪು ಸೂಜಿಯಂಥ ಬೀಜದ ಬೈಡೆನ್ಸ್ ಕೊಡಗಿನ ತೋಟಗಳಲ್ಲಿ ಸಾಕಷ್ಟು ಇದೆ. ಅದರ ಹವಾಯಿ ನೆಂಟರಲ್ಲಿ, ಅದರಲ್ಲೂ ಒಳಕಾಡಿನವರಲ್ಲಿ, ಆ ಮುಳ್ಳುಕೊಕ್ಕೆಯೇ ಮಾಯ. ಯಾವ ಸಾಧನದಿಂದ ಬಂದವೋ ಅದನ್ನೇ ಬಿಟ್ಟುಬಿಟ್ಟವು. ದ್ವೀಪದಲ್ಲಿ ದೂರ ಹೋಗುವ ಬೀಜದ ಗತಿ ಸಮುದ್ರ, ಅಮ್ಮನ ಹತ್ತಿರ ಬಿದ್ದ ಬೀಜವೇ ಉಳಿಯುವುದು. ಇದಕ್ಕೆ ಲಕ್ಷ ವರ್ಷ ಬೇಕೆಂದೇನೂ ಇಲ್ಲ. ಕೆನಡಾದ ಪಶ್ಚಿಮ ತೀರದ ಪುಟ್ಟ ದ್ವೀಪಗಳಲ್ಲಿ ಗಾಳಿಗೆ ಹಾರುವ ಬೀಜದ ಸಣ್ಣ ಗಿಡಗಳನ್ನು ವರ್ಷಗಟ್ಟಲೆ ಅಳೆದ ಕೋಡಿ ಮತ್ತು ಓವರ್ಟನ್ 1996ರಲ್ಲಿ ಬರೆದದ್ದು ಏನೆಂದರೆ, ಕೆಲವೇ ತಲೆಮಾರುಗಳಲ್ಲಿ ಬೀಜ ದಪ್ಪವಾಗಿತ್ತು, ಹಾರಿಸುವ ಕುಚ್ಚು ಚಿಕ್ಕದಾಗಿತ್ತು.

ಶತ್ರುಗಳು ಬಾರದಿದ್ದದ್ದರ ಫಲವೂ ಹೀಗೇ. ಹವಾಯಿಗೆ ದನ, ಮೇಕೆ, ಜಿಂಕೆ ಯಾವುದೂ ತಾವಾಗಿ ಬರಲಿಲ್ಲ. ನೆಲದ ಮೇಲಿನ ಸಸ್ತನಿ ಅಂದರೆ ಒಂದು ಬಾವಲಿ. ಮೇಯುವವರಿಲ್ಲದ ಮೇಲೆ ಮುಳ್ಳಿಗೆ, ಘಾಟಿಗೆ ಯಾಕೆ ಖರ್ಚು ಮಾಡಬೇಕು? ಅಲ್ಲಿನ ಪುದೀನ ಜಾತಿಯ ಗಿಡಗಳಿಗೆ ಪುದೀನದ ವಾಸನೆ ಇಲ್ಲ. ಕಾಡು ರಾಸ್‌ಬೆರಿಗೆ ಮುಳ್ಳು ಇದ್ದೂ ಇಲ್ಲದಂತೆ. ವಿನಾಯಿತಿಯೂ ಇದೆ. ಲೊಬೀಲಿಯಾ ಬಳಗದ ಕೆಲವು ಗಿಡಗಳು ಎಳೆಯದರಲ್ಲಿ ಮುಳ್ಳು ಬಿಟ್ಟು, ಎತ್ತರ ಆದ ಮೇಲೆ ಬಿಟ್ಟುಬಿಡುತ್ತವೆ. ಅಲ್ಲಿ ಹಿಂದೆ ಹಾರಲಾರದ ದೊಡ್ಡ ಬಾತುಗಳಿದ್ದವು, ಅವುಗಳ ಕೊಕ್ಕು ಎಟುಕುವಷ್ಟು ಎತ್ತರಕ್ಕೆ ಮಾತ್ರ ಮುಳ್ಳು ಅನ್ನುವುದು ಒಂದು ವಿವರಣೆ, ನನಗೆ ಒಪ್ಪಿಗೆಯಾಗುವ ವಿವರಣೆ. ಬಾತು ಹೋಯಿತು, ಮುಳ್ಳು ಉಳಿದಿದೆ. 1778ರಲ್ಲಿ ಬ್ರಿಟಿಷ್ ನಾವಿಕ ಜೇಮ್ಸ್ ಕುಕ್ ಮೇಕೆ ಬಿಟ್ಟರು, 1793ರಲ್ಲಿ ಇನ್ನೊಬ್ಬ ನಾವಿಕ ಜಾರ್ಜ್ ವ್ಯಾಂಕೂವರ್ ದನ ತಂದರು. ಮುಂದಿನದ್ದು ನೀವೇ ಊಹಿಸಬಹುದು, ಸಿಲ್ವರ್‌ಸ್ವೋರ್ಡ್‌ಗೆ ಬೇಲಿ ಹಾಕಬೇಕಾಗಿ ಬಂದದ್ದೂ ಹೀಗೇ.

ಸಣ್ಣ ಗಿಡಗಳು ದ್ವೀಪದಲ್ಲಿ ಮರವಾಗುವುದು ಯಾಕೆ ಅಂತಲೂ ಕೇಳಬಹುದು. ಗಲಪಗಾಸ್‌ನ ಸ್ಕಲೇಸಿಯಾ ಸೂರ್ಯಕಾಂತಿ ಕುಟುಂಬದ್ದು, ಅಲ್ಲಿ ಕಾಡನ್ನೇ ಕಟ್ಟಿದೆ. ಸೇಂಟ್ ಹೆಲೀನಾದಲ್ಲೂ ಇದೇ ಕುಟುಂಬದ ಮರಗಳಿವೆ. ನಿಜವಾದ ಮರಗಳು ಬಾರದ್ದರಿಂದ ಬೆಳಕಿಗಾಗಿ ಇವೇ ಎತ್ತರವಾದವು ಅಂತ ಡಾರ್ವಿನ್. ಬರಗಾಲ ತಡೆಯಲು ಗಟ್ಟಿ ಕಾಂಡ ಬೇಕಾಯಿತು ಅಂತ ಈಚಿನ ಕೆಲವರು. ಒಂದೇ ಕಾರಣ ಎಲ್ಲ ದ್ವೀಪಕ್ಕೂ ಹೊಂದುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ನೋಡಲು ಹವಾಯಿಗೇ ಹೋಗಬೇಕೆಂದಿಲ್ಲ. ಬೆಂಗಳೂರಿನ ನರ್ಸರಿಗಳಲ್ಲಿ ಮನೆಯೊಳಗೆ ಇಡಲು ಮಾರುವ ಕೆಂಟಿಯಾ ಪಾಮ್ ಆಸ್ಟ್ರೇಲಿಯಾದ ಪೂರ್ವಕ್ಕೆ 600 ಕಿಲೋಮೀಟರ್ ದೂರದ ಲಾರ್ಡ್ ಹೋವ್ ದ್ವೀಪದ್ದು. ಇಡೀ ದ್ವೀಪ 15 ಚದರ ಕಿಲೋಮೀಟರ್ ಕೂಡ ಇಲ್ಲ. ಅಷ್ಟರಲ್ಲೇ ಈ ಕುಲ ಎರಡು ಪ್ರಭೇದವಾಗಿ ಒಡೆದಿದೆ, ನಡುವೆ ಬೆಟ್ಟವಿಲ್ಲ, ನೀರಿಲ್ಲ, ಗಾಳಿಯಲ್ಲಿ ಪರಾಗ ಎಲ್ಲ ಕಡೆ ಹಾರುತ್ತದೆ. ಸುಣ್ಣದ ಮಣ್ಣಿನಲ್ಲಿ ಬೆಳೆಯುವ ಕೆಂಟಿಯಾ ಕೆಲವು ವಾರ ಮುಂಚೆ ಹೂ ಬಿಡುತ್ತದೆ, ಇನ್ನೊಂದು ಆಮೇಲೆ. ಹೂವಿನ ಹೊತ್ತು ತಪ್ಪಿದರೆ ಸಾಕು, ಪಕ್ಕದಲ್ಲೇ ಇದ್ದರೂ ಸಂಬಂಧ ಬೆಳೆಯುವುದಿಲ್ಲ. 2006ರಲ್ಲಿ ಇದನ್ನು ವಿವರಿಸಿದಾಗ ದೊಡ್ಡ ಚರ್ಚೆಯೇ ಆಯಿತು.

ಡಾರ್ವಿನ್ ಮಾಡಿದ್ದನ್ನು ನೀವೂ ಮನೆಯಲ್ಲಿ ಮಾಡಬಹುದು. ಲೀಟರ್ ನೀರಿಗೆ 35 ಗ್ರಾಂ ಉಪ್ಪು ಹಾಕಿದರೆ ಸಮುದ್ರದ ನೀರಿನಷ್ಟು ಉಪ್ಪಾಗುತ್ತದೆ. ರಸ್ತೆಬದಿಯ ಹೊಂಗೆ ಕಾಯಿ, ಬಾದಾಮಿ ಮರದ ಒಣಕಾಯಿ, ಜೊತೆಗೆ ಹುಣಸೆ, ಬೇವು, ಹಲಸಿನ ಬೀಜ ಹಾಕಿ. ಕೆಲವು ದಿನಕ್ಕೊಮ್ಮೆ ನೀರು ಬದಲಿಸಿ, ಇಲ್ಲದಿದ್ದರೆ ನಾರುತ್ತದೆ, ಡಾರ್ವಿನ್ ಅವರಿಗೂ ಅದೇ ತೊಂದರೆ ಆಗಿತ್ತು. ಯಾವುದು ಎಷ್ಟು ದಿನ ತೇಲಿತು ಅಂತ ಬರೆದಿಡಿ, ತಿಂಗಳಾದ ಮೇಲೆ ಎಲ್ಲವನ್ನೂ ಕುಂಡದಲ್ಲಿ ಹಾಕಿ. ಹೊಂಗೆ ಮತ್ತು ಬಾದಾಮಿ ಎರಡೂ ಮೂಲತಃ ನೀರಿನಂಚಿನ ಮರಗಳು, ಕಾಯಿಯ ಸಿಪ್ಪೆ ಬಿಡಿಸಬೇಡಿ, ತೇಲಿಸುವುದು ಅದೇ. ತೇಲಿದ್ದು ಮೊಳೆಯದಿದ್ದರೂ, ಮುಳುಗಿದ್ದು ಮೊಳೆತರೂ ಎರಡನ್ನೂ ಬರೆದುಕೊಳ್ಳಿ, ಮಗಳಿಗೂ ಕಳಿಸಿ.